ಹೊಸ ಬೈಕಿನ ಎಣ್ಣೆ ಎಲ್ಲಿ ಹೋಗುತ್ತಿದೆ?

ಕಾರವಾರ ತಾಲೂಕಿನ ಉತ್ತರದ ಅಂಚಿನಲ್ಲಿರುವ ಮಾಜಾಳಿಯನ್ನು ದಾಟಿದೊಡನೆ ಗೋವೆಯ ಪೊಳೆಂ ಸಿಗುತ್ತದೆ. ತೆರಿಗೆ ಕಡಿಮೆಯಿರುವ ಕಾರಣ ಆ ಬದಿಯಲ್ಲಿ ಪೆಟ್ರೋಲ್ ಅಗ್ಗ. ಆದ್ದರಿಂದ ಕಾರವಾರದ ಸುತ್ತಿನ ಬೈಕುಗಳು ಗಡಿ ದಾಟಿ ಟ್ಯಾಂಕ್ ತುಂಬಿಸಿಕೊಂಡು ಮರಳುವುದು ಬಹುಕಾಲದ ರೂಢಿ. ಗೋವೆಯ ಕಾರ್ಖಾನೆ, ಹೋಟೆಲು, ಕಟ್ಟಡದ ಕೆಲಸಗಳಿಗೆ ಹೋಗಿಬರುವ ಕರಾವಳಿಯ ಯುವಕರಷ್ಟೇ ಅಲ್ಲದೆ, ಜೋಯಿಡಾ, ಯಲ್ಲಾಪುರದ ಕಡೆಯಿಂದ ಘಟ್ಟವಿಳಿದು ಬಂದವರೂ ಮಾಜಾಳಿಯ ತನಿಖಾ ಠಾಣೆಯ ಎದುರಿನಿಂದಲೇ ಸಾಗುತ್ತಾರೆ. ಲೀಟರಿಗೆ ಉಳಿದ ಕೆಲವೇ ರೂಪಾಯಿಯ ಲೆಕ್ಕ ಇವರೆಲ್ಲರ ನಾಲಿಗೆಯ ತುದಿಯಲ್ಲಿರುತ್ತದೆ. ಅದೇ ಸವಾರನನ್ನು, 'ಇಂಜಿನ್ನಿನಲ್ಲಿ ಈಗ ಎಣ್ಣೆ ಎಷ್ಟಿದೆ?' ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಳೆದ ಸರ್ವೀಸಿನಲ್ಲಿ ಹಾಕಿಸಿದ್ದೇನೆ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಹಾಕಿಸಿದ ಎಣ್ಣೆ ಇದ್ದಲ್ಲಿಯೇ ಇರುತ್ತದೆ ಎಂಬ ನಂಬಿಕೆ ಈಚೆಗೆ ಹಲವರಲ್ಲಿ ಸಡಿಲಗೊಳ್ಳುತ್ತಿದೆ. ಕೊಂಡು ವರ್ಷವೂ ತುಂಬದ, ಒಂದೇ ಸಿಲಿಂಡರಿನ ಬೈಕಿನಲ್ಲಿ ಸರ್ವೀಸಿಗೆ ಮೊದಲೇ ಎಣ್ಣೆ ಅಳತೆಗೋಲಿನ ಕೆಳಗಿನ ಗೆರೆಗೆ ಇಳಿದಿರುತ್ತದೆ. ಕೆಲವೊಮ್ಮೆ ಆ ಗೆರೆಯನ್ನೂ ಮುಟ್ಟುವುದಿಲ್ಲ. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರುವುದಿಲ್ಲ. ಶೋರೂಮಿನವರು 'ಇದು ಸಹಜ' ಎನ್ನುತ್ತಾರೆ. ಊರಿನ ಗ್ಯಾರೇಜಿನವರು 'ದಪ್ಪ ಎಣ್ಣೆ ಹಾಕಿಬಿಡೋಣ' ಎನ್ನುತ್ತಾರೆ. ಸವಾರ ಅರ್ಧ ಲೀಟರಿನ ಡಬ್ಬಿಯೊಂದನ್ನು ಕೊಂಡು ಸುರಿದು ಹೊರಡುತ್ತಾನೆ. ಹೋದ ಎಣ್ಣೆ ಎಲ್ಲಿಗೆ ಹೋಯಿತೆಂದು ಈ ಮೂವರಲ್ಲಿ ಯಾರೂ ಕೇಳುವುದಿಲ್ಲ. ಕಾಡು, ನದಿ, ಅಣೆಕಟ್ಟುಗಳ ವಿಚಾರಕ್ಕೆ ಮೀಸಲಾದ ಪತ್ರಿಕೆಗೆ ಬೈಕಿನ ಹೊಟ್ಟೆಯ ಸಂಗತಿ ಏಕೆಂದು ಕೆಲವರಿಗೆ ಅನಿಸಬಹುದು. ಇಂಜಿನ್ನಿನಿಂದ ಕಾಣೆಯಾದ ಎಣ್ಣೆ ಗಾಳಿಗೋ ಮಣ್ಣಿಗೋ ಸೇರಿಯೇ ಇರುತ್ತದೆ, ಬೇರೆ ದಾರಿ ಅದಕ್ಕಿಲ್ಲ.

ಎಣ್ಣೆ ಸುಡುವ ಬೈಕು ಈ ನಾಡಿಗೆ ಹೊಸದಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ, ಹಳ್ಳಿಹಳ್ಳಿಗೆ ಹಾಲಿನ ಕ್ಯಾನು ಹೊತ್ತ ರಾಜದೂತ್, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಇವೆಲ್ಲವೂ ಟೂ-ಸ್ಟ್ರೋಕ್ ಇಂಜಿನ್ನಿನವು. ಅವುಗಳಲ್ಲಿ ಎಣ್ಣೆಯನ್ನು ಸುಡುವುದೇ ವಿನ್ಯಾಸವಾಗಿತ್ತು. ಪೆಟ್ರೋಲಿನೊಂದಿಗೆ ಬೆರೆತು ಒಳಹೊಕ್ಕ ಎಣ್ಣೆ ಬೇರಿಂಗು, ಪಿಸ್ಟನ್ನುಗಳನ್ನು ಒದ್ದೆ ಮಾಡಿ ಪೆಟ್ರೋಲಿನ ಜೊತೆಯಲ್ಲೇ ಉರಿದು ನೀಲಿ ಹೊಗೆಯಾಗಿ ಹೊರಬೀಳುತ್ತಿತ್ತು. ಲೀಟರಿಗೆ 40 ಕಿಲೋಮೀಟರ್ ಓಡುವ ಬೈಕಿಗೆ ಶೇಕಡಾ 2ರಷ್ಟು ಎಣ್ಣೆ ಬೆರೆಸಿದರೆ 1000 ಕಿಲೋಮೀಟರಿಗೆ ಅರ್ಧ ಲೀಟರ್ ಎಣ್ಣೆ ಉರಿಯುತ್ತದೆ. ಅಂದಿನ ಸವಾರನಿಗೆ ಈ ಲೆಕ್ಕ ಗೊತ್ತಿತ್ತು, ಪ್ರತಿ ಸಲವೂ ಎಣ್ಣೆಯ ಹಣವನ್ನು ಅವನೇ ಎಣಿಸಿ ಕೊಡುತ್ತಿದ್ದ.

1985ರಲ್ಲಿಯೇ ಬಂದ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕ್ ಇಂಜಿನ್ನನ್ನು ಮನೆಮನೆಗೆ ತಲುಪಿಸಿತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬ ಅದರ ಜಾಹೀರಾತು ಒಂದು ತಲೆಮಾರಿನ ಮನಸ್ಸಿನಲ್ಲಿ ಕುಳಿತಿತು. 2000ನೇ ಇಸವಿಯಿಂದ ಬಿಗಿಯಾಗುತ್ತ ಬಂದ ಹೊಗೆ ನಿಯಮಗಳು ಟೂ-ಸ್ಟ್ರೋಕ್ ಬೈಕುಗಳನ್ನು ಮಾರುಕಟ್ಟೆಯಿಂದ ಹೊರದೂಡಿದವು. 2017ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 4, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಜಾರಿಗೆ ಬಂದವು. ಗಾಳಿಯ ಮಟ್ಟಿಗೆ ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮರೆತುಬಿಡಿ ಎಂಬ ಮಾತು ಪೆಟ್ರೋಲಿಗೆ ಹೇಳಿದ್ದು. ಸವಾರರು ಅದನ್ನು ಎಣ್ಣೆಗೂ ಅನ್ವಯಿಸಿಕೊಂಡರು.

ಫೋರ್-ಸ್ಟ್ರೋಕ್ ಇಂಜಿನ್ನಿನಲ್ಲಿ ಎಣ್ಣೆ ಉರಿಯಬೇಕಾದ್ದಲ್ಲ. ಅದು ಕೆಳಗಿನ ತೊಟ್ಟಿಯಲ್ಲಿ ನಿಂತು, ಪಂಪಿನಿಂದ ಮೇಲೇರಿ, ಸವೆಯುವ ಭಾಗಗಳನ್ನೆಲ್ಲ ತೊಯ್ಯಿಸಿ ಮತ್ತೆ ಕೆಳಗಿಳಿಯುತ್ತದೆ. 100ರಿಂದ 150 ಸಿಸಿಯ ಬೈಕಿನಲ್ಲಿ ಈ ಎಣ್ಣೆಯ ಒಟ್ಟು ಪ್ರಮಾಣ ಸುಮಾರಾಗಿ ಒಂದು ಲೀಟರು. ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಇದೇ ಒಂದು ಲೀಟರು. ಗಾಳಿಯಿಂದ ತಣಿಯುವ ಇಂಜಿನ್ನಿನಲ್ಲಿ ಶಾಖವನ್ನು ಹೊತ್ತೊಯ್ಯುವ ಕೆಲಸದ ದೊಡ್ಡ ಪಾಲೂ ಇದರದ್ದೇ. ಇಷ್ಟು ಕಡಿಮೆ ಎಣ್ಣೆಯಿಂದ ಇಷ್ಟು ಕೆಲಸ ತೆಗೆಯುವ ಯಂತ್ರದಲ್ಲಿ ನೂರು ಮಿಲಿಲೀಟರ್ ಕೂಡ ಸಣ್ಣ ಸಂಗತಿಯಲ್ಲ. 1000 ಕಿಲೋಮೀಟರಿಗೆ 100 ಮಿಲಿಲೀಟರ್ ಕಳೆದುಕೊಳ್ಳುವ ಬೈಕು 5000 ಕಿಲೋಮೀಟರಿನ ಹೊತ್ತಿಗೆ ಅರ್ಧ ಲೀಟರ್ ಕಳೆದುಕೊಂಡಿರುತ್ತದೆ. ಉಳಿದ ಅರ್ಧ ಲೀಟರಿನಲ್ಲಿ ಅದು ಘಟ್ಟ ಹತ್ತಬೇಕು. ಹಳೆಯ ಟೂ-ಸ್ಟ್ರೋಕಿಗೆ ಹೋಲಿಸಿದರೆ ಇದು ಐದರಲ್ಲೊಂದು ಪಾಲಷ್ಟೇ ಎಂದು ಸಮಾಧಾನ ಹೇಳುವವರಿದ್ದಾರೆ. ಹೊಗೆಯ ದೃಷ್ಟಿಯಿಂದ ಆ ಮಾತು ನಿಜ. ಆದರೆ ಟೂ-ಸ್ಟ್ರೋಕಿನಲ್ಲಿ ಟ್ಯಾಂಕು ತುಂಬಿಸಿದಾಗಲೆಲ್ಲ ಹೊಸ ಎಣ್ಣೆ ಬರುತ್ತಿತ್ತು. ಇಲ್ಲಿ ಕೊನೆಯ ಹನಿಯವರೆಗೂ ಎಚ್ಚರಿಸುವವರಿಲ್ಲ, ಹೆಚ್ಚಿನ ಸಣ್ಣ ಬೈಕುಗಳಲ್ಲಿ ಎಣ್ಣೆಯ ಮಟ್ಟ ತೋರಿಸುವ ದೀಪವೂ ಇಲ್ಲ.

ಎಣ್ಣೆ ಒಳಗಿನಿಂದ ತಪ್ಪಿಸಿಕೊಳ್ಳುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಪಿಸ್ಟನ್ನಿನ ರಿಂಗುಗಳು. ಹೊಸ ಸಿಲಿಂಡರಿನ ಒಳಮೈಯಲ್ಲಿ ಕಣ್ಣಿಗೆ ಕಾಣುವಂತೆ ಓರೆ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಎಣ್ಣೆ ಆ ಗೀರುಗಳಲ್ಲಿ ನಿಲ್ಲಬೇಕು, ರಿಂಗುಗಳು ಅವುಗಳ ಮೇಲೆ ತೇಯ್ದು ಸಿಲಿಂಡರಿನ ಆಕಾರಕ್ಕೆ ಒಗ್ಗಿಕೊಳ್ಳಬೇಕು. ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಈ ಹೊಂದಾಣಿಕೆ ನಡೆಯುವಾಗ ಸ್ವಲ್ಪ ಎಣ್ಣೆ ಉರಿಯುವುದು ಸಹಜವೇ. ಆದರೆ ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಉರಿಯುವ ಅನಿಲದ ಒತ್ತಡ. ಹೊಸ ಬೈಕೆಂದು ಅತಿಯಾಗಿ ಮುದ್ದಿಸಿ, ಸಾವಿರ ಕಿಲೋಮೀಟರನ್ನೂ ತೆವಳುತ್ತ ಓಡಿಸಿದರೆ ಆ ಒತ್ತಡ ಸಾಲದೆ ಗೀರುಗಳ ಮೇಲೆ ಎಣ್ಣೆಯ ಕಿಟ್ಟ ಕಟ್ಟಿ ಗೋಡೆ ನುಣುಪಾಗುತ್ತದೆ. ರಿಂಗು ಎಂದೆಂದಿಗೂ ಕೂರುವುದಿಲ್ಲ. ಮೊದಲ ದಿನವೇ ಇಂಜಿನ್ನನ್ನು ಕಿರುಚಿಸಿದರೂ ಕೆಡುತ್ತದೆ. ಕೈಪಿಡಿಯಲ್ಲಿ ಹೇಳಿದ ವೇಗದ ಮಿತಿಯೊಳಗೆ, ವೇಗವನ್ನು ಏರಿಳಿಸುತ್ತ, ಸಾಧಾರಣ ಭಾರ ಕೊಟ್ಟು ಓಡಿಸುವುದು ಸರಿಯಾದ ಕ್ರಮ. ಇದಾವುದೂ ಸವಾರನ ತಪ್ಪಲ್ಲದೆ, ಸಿಲಿಂಡರೇ ಸರಿಯಾಗಿ ದುಂಡಗಿಲ್ಲದೆಯೋ ರಿಂಗನ್ನು ತಲೆಕೆಳಗಾಗಿ ಜೋಡಿಸಿಯೋ ಕಾರ್ಖಾನೆಯಿಂದಲೇ ದೋಷ ಬಂದಿರಲೂಬಹುದು.

ಎರಡನೆಯದು ವಾಲ್ವಿನ ಕಾಂಡಕ್ಕೆ ತೊಡಿಸಿರುವ ಸಣ್ಣ ರಬ್ಬರ್ ಸೀಲು. ಅದು ಗಟ್ಟಿಯಾದರೆ ಅಥವಾ ಬಿರುಕುಬಿಟ್ಟರೆ ಮೇಲಿನ ಎಣ್ಣೆ ಹನಿಹನಿಯಾಗಿ ಕೆಳಗೆ ಜಿನುಗುತ್ತದೆ. ಮೂರನೆಯ ದಾರಿ ಒಂಟಿ ಸಿಲಿಂಡರಿನಲ್ಲಿ ಹೆಚ್ಚು ಕಾಡುವಂಥದು. ಪಿಸ್ಟನ್ ಕೆಳಗಿಳಿದಾಗಲೆಲ್ಲ ತೊಟ್ಟಿಯಲ್ಲಿರುವ ಗಾಳಿ ಒತ್ತಲ್ಪಡುತ್ತದೆ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಎರಡು ಪಿಸ್ಟನ್ ಇಳಿಯುವಾಗ ಇನ್ನೆರಡು ಏರುವುದರಿಂದ ಒತ್ತಡ ಸರಿದೂಗುತ್ತದೆ. ಒಂಟಿ ಪಿಸ್ಟನ್ನಿಗೆ ಆ ಜೊತೆಗಾರ ಇಲ್ಲ. ನಿಮಿಷಕ್ಕೆ ಸಾವಿರಾರು ಬಾರಿ ತೊಟ್ಟಿ ಉಸಿರು ಬಿಡುತ್ತದೆ. ಆ ಉಸಿರಿನೊಂದಿಗೆ ಎಣ್ಣೆಯ ಮಂಜು ಬ್ರೀದರ್ ಕೊಳವೆಯ ಮೂಲಕ ಏರ್ ಫಿಲ್ಟರಿನ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಉರಿಯುವ ಕೋಣೆಗೆ ಸೇರುತ್ತದೆ.

ಇಲ್ಲಿ ಗ್ಯಾರೇಜುಗಳ ಒಂದು ಔದಾರ್ಯವನ್ನು ಪ್ರಸ್ತಾಪಿಸಲೇಬೇಕು. ಬೈಕಿಗೆ ಬೇಕಾದದ್ದು 800 ಅಥವಾ 900 ಮಿಲಿಲೀಟರ್, ಅಂಗಡಿಯಲ್ಲಿ ಸಿಗುವ ಡಬ್ಬಿ ಒಂದು ಲೀಟರಿನದು. ಉಳಿದದ್ದನ್ನು ಎಲ್ಲಿಡುವುದೆಂದು ಪೂರ್ತಿ ಸುರಿಯುವುದು ಎಲ್ಲೆಡೆ ಕಾಣುವ ಪದ್ಧತಿ. ಹೆಚ್ಚಾದ ಎಣ್ಣೆಯನ್ನು ತಿರುಗುವ ಭಾಗಗಳು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತವೆ, ನೊರೆ ಬ್ರೀದರಿನಿಂದ ಹೊರಹೋಗುತ್ತದೆ. ಒಂದೆರಡು ವಾರದಲ್ಲಿ ಮಟ್ಟ ಇಳಿದಾಗ ಬೈಕು ಎಣ್ಣೆ ಕುಡಿಯುತ್ತಿದೆ ಎಂಬ ದೂರು ಹುಟ್ಟುತ್ತದೆ. ನಿಜವಾಗಿ ಬೈಕು ತನಗೆ ಬೇಡದ್ದನ್ನು ಉಗುಳಿ ತನ್ನ ಅಳತೆಗೆ ಮರಳಿರುತ್ತದೆ. ಹೊಸ ಬೈಕುಗಳ ಎಣ್ಣೆಯ ದೂರುಗಳಲ್ಲಿ ಈ ಕಾರಣವನ್ನೇ ಮೊದಲು ಪರೀಕ್ಷಿಸುವುದು ಜಾಣತನ. ಏರ್ ಫಿಲ್ಟರಿನ ಪೆಟ್ಟಿಗೆ ತೆರೆದಾಗ ತಳದಲ್ಲಿ ಎಣ್ಣೆ ನಿಂತಿದ್ದರೆ ಕತೆ ಅಲ್ಲಿಗೆ ತಿಳಿಯುತ್ತದೆ.

ಮಲೆನಾಡಿನ ರಸ್ತೆಗೆ ಸಂಬಂಧಿಸಿದ ಎರಡು ಸಂಗತಿಗಳು ಪೇಟೆಯ ಮೆಕ್ಯಾನಿಕ್ಕಿನ ಗಮನಕ್ಕೆ ಬರುವುದು ಕಡಿಮೆ. ಸದಾಶಿವಗಡದಿಂದ ಕದ್ರಾ ಮಾರ್ಗವಾಗಿ ಅಣಶಿ ಘಟ್ಟವನ್ನೋ, ಅಂಕೋಲೆಯಿಂದ ಅರಬೈಲ್ ಘಟ್ಟವನ್ನೋ ಹತ್ತುವಾಗ ಇಂಜಿನ್ ಕೆಳಗಿನ ಗೇರಿನಲ್ಲಿ, ಕಡಿಮೆ ಗಾಳಿಯಲ್ಲಿ, ಹೆಚ್ಚು ಕಾಯುತ್ತದೆ. ಕಾದ ಎಣ್ಣೆ ತೆಳುವಾಗಿ ರಿಂಗಿನ ಸಂದಿಯಲ್ಲಿ ಮೇಲೇರುತ್ತದೆ. ಇಳಿಯುವಾಗ ನಡೆಯುವುದು ಇನ್ನೂ ಕುತೂಹಲಕರ. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿ ಇಳಿಯುವಾಗ ಗಾಳಿಯ ದಾರಿ ಮುಚ್ಚಿರುತ್ತದೆ, ಪಿಸ್ಟನ್ ಮಾತ್ರ ಎಳೆಯುತ್ತಲೇ ಇರುತ್ತದೆ. ಸಿಲಿಂಡರಿನೊಳಗೆ ಉಂಟಾದ ನಿರ್ವಾತ ವಾಲ್ವಿನ ಸೀಲಿನಿಂದಲೂ ರಿಂಗಿನ ಬದಿಯಿಂದಲೂ ಎಣ್ಣೆಯನ್ನು ಒಳಕ್ಕೆ ಹೀರುತ್ತದೆ. ಘಟ್ಟದ ಬುಡ ತಲುಪಿ ಮತ್ತೆ ಆಕ್ಸಿಲರೇಟರ್ ತಿರುಗಿಸಿದಾಗ ಹಿಂದೆ ನೀಲಿ ಹೊಗೆಯ ಒಂದು ಮುದ್ದೆ ಕಂಡರೆ ಅದು ಈ ಎಣ್ಣೆಯೇ. ಹಾಗೆಂದು ಎಣ್ಣೆ ಉಳಿಸಲು ನ್ಯೂಟ್ರಲಿನಲ್ಲಿ ಇಳಿಯತೊಡಗುವುದು ಪ್ರಾಣಕ್ಕೆ ಅಪಾಯ. ಬ್ರೇಕು ಕಾದು ಹಿಡಿತ ತಪ್ಪಿದ ಬೈಕಿಗೆ ಅರಬೈಲಿನ ತಿರುವುಗಳಲ್ಲಿ ಎರಡನೆಯ ಅವಕಾಶ ಸಿಗುವುದಿಲ್ಲ.

ಇನ್ನೊಂದು ಸಂಗತಿ ಮಳೆಗಾಲದ್ದು. ಮನೆಯಿಂದ ಡೇರಿಗೆ, ಡೇರಿಯಿಂದ ಶಾಲೆಗೆ, ಅಲ್ಲಿಂದ ಅಂಗಡಿಗೆ ಎಂದು ಎರಡು ಮೂರು ಕಿಲೋಮೀಟರಿನ ಓಡಾಟವಷ್ಟೇ ಇದ್ದರೆ ಇಂಜಿನ್ ಪೂರ್ತಿ ಕಾಯುವುದೇ ಇಲ್ಲ. ಉರಿಯದ ಪೆಟ್ರೋಲೂ ಹೊಗೆಯಲ್ಲಿರುವ ನೀರಾವಿಯೂ ತೊಟ್ಟಿಗಿಳಿದು ಎಣ್ಣೆಯೊಂದಿಗೆ ಸೇರುತ್ತವೆ. ಮುಚ್ಚಳ ತೆಗೆದಾಗ ಕಾಣುವ ಹಾಲುಮಜ್ಜಿಗೆಯಂಥ ಕೆನೆ ಇದರ ಗುರುತು. ಒಂದು ಕಡೆ ಎಣ್ಣೆ ಕಡಿಮೆಯಾಗುತ್ತಿದ್ದರೂ ಪೆಟ್ರೋಲು, ನೀರು ಸೇರಿ ಅಳತೆಗೋಲಿನಲ್ಲಿ ಮಟ್ಟ ಹಾಗೆಯೇ ನಿಂತಿರುತ್ತದೆ. ಮಳೆ ಬಿಟ್ಟ ಮೇಲೆ ಒಮ್ಮೆ ಮಾಜಾಳಿಯ ಮೂಲಕ ಮಡಗಾವಿಗೋ, ಘಟ್ಟದ ಮೇಲೆ ಹುಬ್ಬಳ್ಳಿಗೋ ದೂರದ ಪ್ರಯಾಣ ಮಾಡಿದಾಗ ಬೆರೆತಿದ್ದೆಲ್ಲ ಆವಿಯಾಗಿ ಮಟ್ಟ ಒಮ್ಮೆಲೇ ಇಳಿಯುತ್ತದೆ. ಒಂದೇ ಪ್ರಯಾಣದಲ್ಲಿ ಬೈಕು ಎಣ್ಣೆ ನುಂಗಿತೆಂದು ಗಾಬರಿಯಾಗುವವರು ವಾಸ್ತವದಲ್ಲಿ ನೋಡುತ್ತಿರುವುದು ನಾಲ್ಕು ತಿಂಗಳ ಒಟ್ಟು ಲೆಕ್ಕವನ್ನು.

ರಸ್ತೆಯ ಕೆಂಪು ದೂಳನ್ನೂ ಇಲ್ಲಿ ಹೆಸರಿಸಬೇಕು. ಹೆದ್ದಾರಿ ಅಗಲಗೊಳಿಸುವ ಕಾಮಗಾರಿಯ ಬದಿಯಲ್ಲಿ, ಜಂಬಿಟ್ಟಿಗೆಯ ಮಣ್ಣುರಸ್ತೆಗಳಲ್ಲಿ ಓಡುವ ಬೈಕಿನ ಏರ್ ಫಿಲ್ಟರು ಕೈಪಿಡಿ ಹೇಳುವ ಅವಧಿಗಿಂತ ಬಹಳ ಮೊದಲೇ ಕಟ್ಟಿಕೊಳ್ಳುತ್ತದೆ. ಸದ್ದು ಹೆಚ್ಚಲೆಂದು ಫಿಲ್ಟರನ್ನೇ ಕಿತ್ತುಹಾಕುವ ಹುಡುಗರ ಬೈಕಿನಲ್ಲಿ ಈ ದೂಳು ಉಪ್ಪುಕಾಗದದಂತೆ ರಿಂಗುಗಳನ್ನು ಉಜ್ಜಿಹಾಕುತ್ತದೆ. ಹೊಸ ಇಂಜಿನ್ನು ಹಳೆಯದಾಗಲು ಅಂಥಲ್ಲಿ ವರ್ಷಗಳು ಬೇಕಿಲ್ಲ.

ಇಷ್ಟೆಲ್ಲ ಕಾರಣಗಳಿರುವಾಗ 'ಸಹಜ' ಎಂಬ ಒಂದೇ ಪದದಲ್ಲಿ ಉತ್ತರಿಸುವುದು ಉತ್ತರವಲ್ಲ. ಎಷ್ಟು ಸಹಜ ಎಂಬ ಪ್ರಶ್ನೆಗೆ ಅಂಕಿಯೊಂದು ಬೇಕು. 1000 ಕಿಲೋಮೀಟರಿಗೆ ಇಂತಿಷ್ಟು ಮಿಲಿಲೀಟರ್ ಮೀರಿದರೆ ಇಂಜಿನ್ ಬಿಚ್ಚಿ ನೋಡುತ್ತೇವೆ ಎಂದು ಪ್ರತಿ ತಯಾರಕನೂ ಗ್ರಾಹಕನ ಕೈಪಿಡಿಯಲ್ಲಿ, ಅದೂ ಕನ್ನಡದಲ್ಲಿ, ಬರೆದು ಕೊಡಬೇಕು. ಅಂಥ ಮಿತಿಯನ್ನು ಶೋರೂಮಿನ ಮಾತಿಗೆ ಬಿಟ್ಟರೆ ವಾರಂಟಿ ಮುಗಿಯುವವರೆಗೂ ಸಹಜವಾಗಿದ್ದದ್ದು ಮುಗಿದ ಮರುದಿನ ದುರಸ್ತಿಗೆ ಬರುವುದು ಖಂಡಿತ.

ಗ್ರಾಹಕನೂ ಅಂಕಿಯೊಂದಿಗೇ ಶೋರೂಮಿಗೆ ಹೋಗಬೇಕು. ಅದು ಕಷ್ಟದ ಕೆಲಸವಲ್ಲ. ಸಮತಟ್ಟಾದ ಒಂದೇ ಜಾಗವನ್ನು ಗೊತ್ತುಮಾಡಿಕೊಂಡು, ಬೈಕನ್ನು ನಡುವಿನ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಓರೆ ಸ್ಟ್ಯಾಂಡಿನಲ್ಲಿ ತೆಗೆದ ಅಳತೆಗೆ ಬೆಲೆಯಿಲ್ಲ. ಇಂಜಿನ್ ಕೆಲವು ನಿಮಿಷ ಓಡಿಸಿ, ಆರಿಸಿ, ಎಣ್ಣೆ ಕೆಳಗಿಳಿಯಲು ಎರಡು ಮೂರು ನಿಮಿಷ ಬಿಟ್ಟು ಅಳತೆಗೋಲು ನೋಡಬೇಕು. ಗೋಲನ್ನು ತಿರುಪಿ ಕೂರಿಸಿ ಅಳೆಯಬೇಕೋ ಸುಮ್ಮನೆ ಇಳಿಬಿಟ್ಟು ಅಳೆಯಬೇಕೋ ಎಂಬುದು ಬೈಕಿನಿಂದ ಬೈಕಿಗೆ ಬೇರೆ. ಇದನ್ನು ಕೈಪಿಡಿಯಲ್ಲಿ ನೋಡದೆ ಅಳೆದವರು ಕಡಿಮೆಯಿಲ್ಲದ ಎಣ್ಣೆಯನ್ನು ಕಡಿಮೆಯೆಂದು ತಿಳಿದು ಸುರಿದ ಉದಾಹರಣೆಗಳು ಬಹಳ. ಮೊದಲ ದಿನ ಮೇಲಿನ ಗೆರೆಯವರೆಗೆ ತುಂಬಿಸಿ ಕಿಲೋಮೀಟರಿನ ಅಂಕಿ ಬರೆದಿಡಬೇಕು. 500 ಕಿಲೋಮೀಟರಿಗೊಮ್ಮೆ ನೋಡಿ, 1000 ಆದಾಗ ಮತ್ತೆ ಅದೇ ಗೆರೆಗೆ ತರಲು ಎಷ್ಟು ಎಣ್ಣೆ ಬೇಕಾಯಿತೆಂಬುದನ್ನು ಔಷಧದ ಅಳತೆಲೋಟದಲ್ಲೋ ಸೂಜಿ ತೆಗೆದ ಸಿರಿಂಜಿನಲ್ಲೋ ಅಳೆದು ಬರೆಯಬೇಕು. ಹೀಗೆ ಎರಡು ಮೂರು ಸುತ್ತು ಬರೆದ ಪುಸ್ತಕ ಕೈಯಲ್ಲಿದ್ದವನ ಎದುರು ಯಾರೂ 'ಸಹಜ' ಎಂದು ಸುಲಭದಲ್ಲಿ ಹೇಳಲಾರರು.

ಹೊಗೆಯೂ ಮಾತಾಡುತ್ತದೆ. ರಾತ್ರಿಯಿಡೀ ನಿಂತ ಬೈಕು ಬೆಳಿಗ್ಗೆ ಶುರುವಾದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ಅನುಮಾನ ವಾಲ್ವ್ ಸೀಲಿನ ಮೇಲೆ. ಏರಿನಲ್ಲಿ, ಭಾರ ಹೊತ್ತಾಗ ಬಿಡದೆ ಬಂದರೆ ರಿಂಗಿನ ಮೇಲೆ. ಚಳಿಗಾಲದ ಬೆಳಿಗ್ಗೆ ಘಟ್ಟದ ಮೇಲೆ ಕಾಣುವ ಬಿಳಿಯ ಹೊಗೆ ಬರಿಯ ನೀರಾವಿ, ಅದಕ್ಕೆ ಹೆದರಬೇಕಾಗಿಲ್ಲ. ಸ್ಪಾರ್ಕ್ ಪ್ಲಗ್ಗು ಕಪ್ಪಾಗಿ ಜಿಡ್ಡುಜಿಡ್ಡಾಗಿದ್ದರೆ ಎಣ್ಣೆ ಉರಿಯುತ್ತಿದೆಯೆಂದೇ ಅರ್ಥ. ಸೋರಿಕೆಯನ್ನು ಹುಡುಕುವಾಗ ಮುಂದಿನ ಚೈನ್ ಚಕ್ರದ ಹಿಂಬದಿಯ ಸೀಲನ್ನು ನೋಡಲು ಮರೆಯಬಾರದು. ಅಲ್ಲಿ ಜಿನುಗಿದ ಎಣ್ಣೆಯನ್ನು ಚೈನಿಗೆ ಹಚ್ಚಿದ ಎಣ್ಣೆಯೆಂದು ಒರೆಸಿಬಿಡುವುದು ಸಾಮಾನ್ಯ.

ದಪ್ಪ ಎಣ್ಣೆಯ ಉಪಾಯವೂ ಇಂಥದೇ ಒರೆಸುವಿಕೆ. ಕೈಪಿಡಿ 10ಡಬ್ಲ್ಯು-30 ಎಂದು ಹೇಳಿದ ಇಂಜಿನ್ನಿಗೆ 20ಡಬ್ಲ್ಯು-50 ಹಾಕಿದರೆ ಎಣ್ಣೆ ಇಳಿಯುವುದು ನಿಧಾನವಾಗಬಹುದು. ಆದರೆ ತಣ್ಣಗಿನ ಇಂಜಿನ್ನಿನ ಮೇಲ್ಭಾಗಕ್ಕೆ ಅದು ತಡವಾಗಿ ತಲುಪುತ್ತದೆ, ಮೈಲೇಜು ಕುಗ್ಗುತ್ತದೆ, ಮೂಲದ ದೋಷ ಮಾತ್ರ ಉಳಿಯುತ್ತದೆ, ವಾರಂಟಿ ಕೇಳಲು ಹೋದಾಗ ತಪ್ಪು ಎಣ್ಣೆ ಹಾಕಿದ್ದೀರಿ ಎಂಬ ನೆಪವೊಂದು ಎದುರಿನವರಿಗೆ ಪುಕ್ಕಟೆ ಸಿಗುತ್ತದೆ. ಕಾರಿನ ಎಣ್ಣೆ ಹಾಕುವುದಂತೂ ಬೇಡವೇ ಬೇಡ. ಬೈಕಿನ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಜಾರತೊಡಗುತ್ತದೆ.

ಲೆಕ್ಕ ಬರೆದಿಟ್ಟೂ ಶೋರೂಮು ಕಿವಿಗೊಡದಿದ್ದರೆ ದಾರಿಯಿಲ್ಲವೆಂದಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನಿಗೆ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡುವ ಅವಕಾಶ ಕೊಟ್ಟಿದೆ. ಜೋಯಿಡಾದ ಗ್ರಾಹಕನೊಬ್ಬ ದೂರದ ನಗರದ ಕಂಪನಿಯನ್ನು ಕಾರವಾರದ ಜಿಲ್ಲಾ ಗ್ರಾಹಕ ಆಯೋಗದ ಎದುರು ನಿಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಕಾರಣ ಉಂಟಾದ ಎರಡು ವರ್ಷದೊಳಗೆ ದೂರು ಸಲ್ಲಿಕೆಯಾಗಬೇಕು. ಸರ್ವೀಸಿನ ಪ್ರತಿ ರಸೀದಿಯನ್ನೂ ಕಾಪಾಡುವುದು, ಎಣ್ಣೆ ಕಡಿಮೆಯಾದ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿಯೇ ಬೈಕು ಒಪ್ಪಿಸುವುದು ಅಗತ್ಯ. ಬಾಯಿಮಾತಿನ ದೂರಿಗೆ ಯಾವ ಆಯೋಗದಲ್ಲಿಯೂ ತೂಕವಿಲ್ಲ.

ಉರಿದ ಎಣ್ಣೆಯ ಪರಿಣಾಮ ಸವಾರನ ಜೇಬಿಗೆ ಸೀಮಿತವಲ್ಲ. ಭಾರತ್ ಸ್ಟೇಜ್ 6ರ ಬೈಕಿನ ಸೈಲೆನ್ಸರಿನೊಳಗೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಸವೆತ ತಡೆಯಲೆಂದು ಇಂಜಿನ್ ಎಣ್ಣೆಗೆ ಬೆರೆಸಿರುವ ರಂಜಕ ಮತ್ತು ಸತುವಿನ ಸಂಯುಕ್ತಗಳು ಉರಿದಾಗ ಬೂದಿಯಾಗಿ ಅದರ ಮೇಲೆ ಪದರಗಟ್ಟುತ್ತವೆ. ಕ್ರಮೇಣ ಆ ಉಪಕರಣ ನಿಷ್ಕ್ರಿಯವಾಗುತ್ತದೆ. ಆಗ ಹೊಸ ನಿಯಮದ ಬೈಕೂ ಹಳೆಯ ನಿಯಮದ ಹೊಗೆಯನ್ನೇ ಬಿಡುತ್ತದೆ. ಹೊಗೆ ತಪಾಸಣೆಯ ಪ್ರಮಾಣಪತ್ರ ಇದನ್ನು ಹಿಡಿಯಬಲ್ಲದೆ? ಪೆಟ್ರೋಲ್ ಬೈಕಿನಲ್ಲಿ ಆ ತಪಾಸಣೆ ಅಳೆಯುವುದು ನಿಂತಲ್ಲಿಯೇ ಓಡುವ ಇಂಜಿನ್ನಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನುಗಳನ್ನು ಮಾತ್ರ. ಹೊಗೆಯ ಕಣಗಳನ್ನು ಅಳೆಯುವ ಯಂತ್ರ ಡೀಸೆಲ್ ವಾಹನಕ್ಕೆ ಮೀಸಲು. ಅರಬೈಲಿನ ಏರಿನಲ್ಲಿ ನೀಲಿ ಹೊಗೆಯ ಬಾಲ ಎಳೆದುಕೊಂಡು ಹೋಗುವ ಬೈಕು ಮರುದಿನ ಪೇಟೆಯಲ್ಲಿ ನಿಂತು ಪ್ರಮಾಣಪತ್ರ ಪಡೆಯುವುದು ಅಸಾಧ್ಯವೇನಲ್ಲ.

ಇಂಜಿನ್ನಿನಿಂದ ಬಸಿದ ಎಣ್ಣೆಯ ಕತೆ ಇದಕ್ಕಿಂತ ದೊಡ್ಡದು. 2006ರ ಮೇ ತಿಂಗಳ ಕೊನೆಯಲ್ಲಿ ಓಷನ್ ಸೆರಾಯಾ ಎಂಬ ಹಡಗು ಕಾರವಾರದ ಬಳಿ ಬಂಡೆಗೆ ಬಡಿದು ಒಡೆದು, ಅದರ ಇಂಧನ ತೈಲ ಈ ಕಡಲಿಗೂ ಗೋವೆಯ ದಕ್ಷಿಣದ ತೀರಕ್ಕೂ ಹರಡಿದ್ದನ್ನು ಕರಾವಳಿಯ ಮೀನುಗಾರರು ಮರೆತಿಲ್ಲ. ಮಳೆಗಾಲದ ಆರಂಭದಲ್ಲಿ ತೀರಕ್ಕೆ ಬಂದು ಬೀಳುವ ಡಾಂಬರಿನ ಉಂಡೆಗಳನ್ನು ತೋರಿಸಿ ಹಡಗುಗಳನ್ನು ಬಯ್ಯುವುದು ನ್ಯಾಯವೇ. ಆದರೆ ಗ್ಯಾರೇಜಿನ ಹಿಂಬದಿಯ ಚರಂಡಿಗೆ ಸುರಿದ ಎಣ್ಣೆ ಸುದ್ದಿಯಾಗುವುದಿಲ್ಲ. 2023–24ರಲ್ಲಿ ದೇಶದೊಳಗೆ ಮಾರಾಟವಾದ ದ್ವಿಚಕ್ರ ವಾಹನಗಳು ಸುಮಾರು 1.8 ಕೋಟಿ. ವಿದ್ಯುತ್ ವಾಹನಗಳನ್ನು ಕಳೆದು, ಬೈಕಿಗೆ ಮುಕ್ಕಾಲು ಲೀಟರಿನಂತೆ ಹಿಡಿದರೂ ಆ ಒಂದು ವರ್ಷದ ಹೊಸ ವಾಹನಗಳ ಮೊದಲ ಸರ್ವೀಸಿನಲ್ಲಿ ಬಸಿದ ಎಣ್ಣೆಯೇ ಒಂದು ಕೋಟಿ ಲೀಟರನ್ನು ಮೀರುತ್ತದೆ.

ಒಂದು ಲೀಟರ್ ಬಳಸಿದ ಎಣ್ಣೆ ಹತ್ತು ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಬಹುಕಾಲದಿಂದ ಕೊಡುತ್ತ ಬಂದ ಅಂದಾಜು. ಮಾಜಾಳಿಯಂಥ ಮರಳುನೆಲದಲ್ಲಿ ಬಾವಿಗಳ ನೀರು ಕೆಲವೇ ಅಡಿ ಆಳದಲ್ಲಿರುತ್ತದೆ. ಸುರಿದದ್ದು ಅಲ್ಲಿ ಇಂಗಲು ಬಹಳ ಹೊತ್ತು ಬೇಕಾಗಿಲ್ಲ. ಘಟ್ಟದ ಮೇಲಿನ ಜಂಬಿಟ್ಟಿಗೆಯೂ ಜರಡಿಯಂಥದೇ. ಹಳ್ಳಿಗಳಲ್ಲಿ ಸುಟ್ಟ ಎಣ್ಣೆಯನ್ನು ಗೆದ್ದಲು ಬಾರದಂತೆ ಬಾಗಿಲ ಚೌಕಟ್ಟಿಗೆ, ಕೊಟ್ಟಿಗೆಯ ಕಂಬಕ್ಕೆ, ಬೇಲಿಯ ಗೂಟಕ್ಕೆ ಬಳಿಯುತ್ತಾರೆ. ನಾಯಿಯ ಕಜ್ಜಿಗೆ ಹಚ್ಚುವವರೂ ಇದ್ದಾರೆ. ಸವೆದ ಲೋಹದ ಕಣಗಳೂ ಕ್ಯಾನ್ಸರಿಗೆ ಕಾರಣವಾಗಬಲ್ಲ ಸಂಯುಕ್ತಗಳೂ ಬೆರೆತ ಈ ದ್ರವವನ್ನು ಬರಿಗೈಯಿಂದ ಮುಟ್ಟುವುದೇ ತಪ್ಪು, ನೆಕ್ಕುವ ಪ್ರಾಣಿಯ ಮೈಗೆ ಹಚ್ಚುವುದು ವಿಷವಿಟ್ಟಂತೆ. ಬಡವನ ಗೆದ್ದಲಿಗೆ ಬೇರೆ ಅಗ್ಗದ ಮದ್ದು ತೋರಿಸದೆ ಈ ರೂಢಿಯನ್ನು ಬಯ್ದು ಪ್ರಯೋಜನವಿಲ್ಲವೆಂಬುದನ್ನೂ ಒಪ್ಪಬೇಕು.

ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. 2016ರ ನಿಯಮಗಳ ಪ್ರಕಾರ ಅದು ಪರವಾನಗಿ ಪಡೆದ ಮರುಸಂಸ್ಕರಣಾ ಘಟಕಕ್ಕೇ ಹೋಗಬೇಕು. 2023ರ ಸೆಪ್ಟೆಂಬರಿನ ತಿದ್ದುಪಡಿಯಂತೆ, 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಹಾಗೂ ಆಮದು ಮಾಡುವ ಕಂಪನಿಗಳೇ ಅದರ ಮರುಸಂಸ್ಕರಣೆಯ ಹೊಣೆ ಹೊರಬೇಕಾಗಿದೆ. ಎಣ್ಣೆ ಸವೆದುಹೋಗುವ ವಸ್ತುವಲ್ಲ. ಅದರಲ್ಲಿ ಬೆರೆಸಿದ ರಾಸಾಯನಿಕಗಳು ತೀರುತ್ತವೆ, ಕೊಳೆ ಸೇರುತ್ತದೆ, ಅಷ್ಟೆ. ಶುದ್ಧಗೊಳಿಸಿದರೆ ಮೂಲ ಎಣ್ಣೆ ಮತ್ತೆ ಬಳಕೆಗೆ ಬರುತ್ತದೆ. ಆದರೆ ಇಂದು ಸಣ್ಣ ಗ್ಯಾರೇಜುಗಳ ಎಣ್ಣೆ ಗುಜರಿಯವರ ಕೈಸೇರಿ ಭಟ್ಟಿಗಳಲ್ಲಿ ಉರುವಲಾಗುವುದೂ, ಸೋಸಿ ಬಣ್ಣ ಬದಲಿಸಿ ಹೆಸರಾಂತ ಕಂಪನಿಯ ಹಳೆಯ ಡಬ್ಬಿಗಳಲ್ಲಿ ಮರಳಿ ಮಾರಾಟಕ್ಕೆ ಬರುವುದೂ ಗುಟ್ಟಿನ ಸಂಗತಿಯಲ್ಲ. ಅಂಥ ನಕಲಿ ಎಣ್ಣೆ ಹೊಸ ಬೈಕಿನ ಹೊಟ್ಟೆ ಸೇರಿದರೆ ಮೇಲೆ ಹೇಳಿದ ಕತೆಯೆಲ್ಲ ಇನ್ನೊಮ್ಮೆ ಮೊದಲಾಗುತ್ತದೆ. ಎಣ್ಣೆ ಹಾಕಿಸಿದ ಮೇಲೆ ಖಾಲಿ ಡಬ್ಬಿಗೆ ಅಲ್ಲಿಯೇ ತೂತು ಹೊಡೆಸಿ ಬರುವುದು ಗ್ರಾಹಕನ ಕೈಯಲ್ಲಿರುವ ಸಣ್ಣ ಆದರೆ ಖಚಿತ ಕ್ರಮ.

ಕಂಪನಿಗಳ ಹೊಣೆ ಕಾಗದದಿಂದ ಇಳಿದು ಮಾಜಾಳಿ, ಅಂಕೋಲೆ, ಯಲ್ಲಾಪುರಗಳ ಗ್ಯಾರೇಜಿನವರೆಗೆ ಬರಬೇಕಾದರೆ ಎಣ್ಣೆ ಶೇಖರಿಸುವ ಜಾಗವೊಂದು ಊರಿನಲ್ಲಿರಬೇಕು. ದೊಡ್ಡ ಶೋರೂಮುಗಳಿಂದ ಎಣ್ಣೆ ಒಯ್ಯಲು ಲಾರಿ ಬರುತ್ತದೆ. ತಿಂಗಳಿಗೆ ಇಪ್ಪತ್ತು ಮೂವತ್ತು ಲೀಟರ್ ಬಸಿಯುವ ಹಳ್ಳಿಯ ಮೆಕ್ಯಾನಿಕ್ಕಿನ ಬಾಗಿಲಿಗೆ ಯಾರೂ ಬರುವುದಿಲ್ಲ. ಗ್ರಾಮ ಪಂಚಾಯಿತಿಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಮೂಲಕ ಎಣ್ಣೆ ಕಂಪನಿಗಳನ್ನು ಕೇಳಿ, ಹೋಬಳಿಗೊಂದರಂತೆ ಮುಚ್ಚಳವಿರುವ ಡ್ರಮ್ಮನ್ನೂ ಅದನ್ನು ಒಯ್ಯುವ ದಿನವನ್ನೂ ಗೊತ್ತುಪಡಿಸಿಕೊಳ್ಳಬೇಕು. ಮೆಕ್ಯಾನಿಕ್ಕಿಗೆ ಲೀಟರಿಗಿಷ್ಟು ಎಂದು ಗುಜರಿಯವನು ಕೊಡುವಷ್ಟಾದರೂ ಹಣ ಸಿಗದಿದ್ದರೆ ಡ್ರಮ್ಮು ತುಂಬುವುದಿಲ್ಲ. ಈ ಮಾತನ್ನು ಕೇಳಿಕೆಯ ಪತ್ರದಲ್ಲಿಯೇ ಬರೆಯುವುದು ಒಳ್ಳೆಯದು.

ಕಾಲೇಜುಗಳ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಕಾಲೇಜಿನ ಆವರಣದಲ್ಲಿ ನಿಲ್ಲುವ ಬೈಕುಗಳಲ್ಲಿ ಎರಡು ವರ್ಷದೊಳಗಿನ ಮೂವತ್ತನ್ನು ಆರಿಸಿಕೊಂಡು, ಜೂನ್‌ನಿಂದ ಡಿಸೆಂಬರಿನವರೆಗೆ ಮೇಲೆ ಹೇಳಿದ ಕ್ರಮದಲ್ಲಿ ಎಣ್ಣೆಯ ಲೆಕ್ಕ ಬರೆದರೆ, ಮಳೆಗಾಲದ ಮರೆಮಾಚುವಿಕೆ ಮತ್ತು ಘಟ್ಟದ ಇಳಿತದ ಪರಿಣಾಮ ಎರಡೂ ಅಂಕಿಗಳಲ್ಲಿ ಕಾಣುತ್ತವೆ. ಯಾವ ಬೈಕು ಘಟ್ಟದ ಮೇಲಿನಿಂದ ಬರುತ್ತದೆ, ಯಾವುದು ಬಯಲಿನಲ್ಲೇ ಓಡುತ್ತದೆ, ಎಷ್ಟು ಎಣ್ಣೆ ಸುರಿದದ್ದು, ಬಸಿದದ್ದು ಎಲ್ಲಿಗೆ ಹೋಯಿತು ಎಂಬ ನಾಲ್ಕು ಕಲಮುಗಳ ಒಂದು ನೋಟುಪುಸ್ತಕ ಸಾಕು. ಕಂಪನಿಗಳ ಪ್ರಯೋಗಶಾಲೆಗಳಲ್ಲಿ ಅಣಶಿ ಘಟ್ಟವಿಲ್ಲ.

ಡ್ರಮ್ಮು ಬರುವವರೆಗೆ ಮೆಕ್ಯಾನಿಕ್ಕುಗಳು ಬಸಿದ ಎಣ್ಣೆಯನ್ನು ಬಿಗಿ ಮುಚ್ಚಳದ ಕ್ಯಾನಿನಲ್ಲಿ, ಮಳೆನೀರು ತಾಗದ ಮಾಡಿನ ಕೆಳಗೆ ಇಡಬಹುದು. ಅದರೊಳಗೆ ನೀರು, ಪೆಟ್ರೋಲು, ಬ್ರೇಕಿನ ಎಣ್ಣೆ ಬೆರೆಯಬಾರದು. ಬೆರೆತದ್ದನ್ನು ಮರುಸಂಸ್ಕರಣಾ ಘಟಕದವರು ತೆಗೆದುಕೊಳ್ಳುವುದಿಲ್ಲ.